ಡಿಸೈನ್ ಮಾಡುವ ಕೆಲಸವನ್ನೇ ಸಿಮ್ಯುಲೇಟ್ ಮಾಡಿ ಸುಧಾರಿಸಬಹುದಾ?

ಖಂಡಿತ ಆಗುತ್ತದೆ. ಡಿಸೈನ್ ತಡವಾಗಲು ದೊಡ್ಡ ಕಾರಣ, ಮಾಡಿದ್ದನ್ನೇ ಮತ್ತೆ ಮಾಡುವುದು. ಯಾವ ಕೆಲಸ ಯಾವಾಗ ಎಂದು ತೋರಿಸುವ ಮಾಮೂಲಿ ಬಾರ್ ಚಾರ್ಟ್‌ನಲ್ಲಿ ಅದು ಕಾಣುವುದೇ ಇಲ್ಲ.

ಮಿಕ್ಸಿಯನ್ನೇ ತಗೊಳ್ಳಿ. ಮೋಟಾರಿನ ವ್ಯಾಟ್ ಏರಿಸಿದರೆ ಬಿಸಿ ಜಾಸ್ತಿ. ಬಿಸಿಗಾಳಿ ಹೊರಹೋಗಲು ಬಾಡಿಯ ಕಿಂಡಿ ದೊಡ್ಡದಾಗಬೇಕು. ಆಗ ಬಾಡಿ ಬಲ ಕಳೆದುಕೊಂಡು ಅದುರುತ್ತದೆ. ಒಳಗೆ ಪಟ್ಟಿ ಕೊಟ್ಟು ಗಟ್ಟಿ ಮಾಡಿದರೆ ಮೋಟಾರಿಗೆ ಜಾಗ ಸಾಲದು. ಸುತ್ತಿ ಬಂದು ಮೊದಲಿದ್ದಲ್ಲೇ ನಿಂತೆವು, ಅಲ್ವಾ?

ಇಂಥ ಸುತ್ತುಗಳನ್ನು ಹಿಡಿಯಲು ಅಮೆರಿಕದ ಸಂಶೋಧಕ ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಒಂದು ಚೌಕಪಟ್ಟಿಯ ವಿಧಾನ ಪ್ರಕಟಿಸಿದರು. ಈಗ ಅದಕ್ಕೆ ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್, ಚಿಕ್ಕದಾಗಿ ಡಿಎಸ್‌ಎಂ ಎನ್ನುತ್ತಾರೆ. ಅಡ್ಡಕ್ಕೂ ಉದ್ದಕ್ಕೂ ಅದೇ ಕೆಲಸಗಳ ಹೆಸರು. ಯಾವುದಕ್ಕೆ ಯಾವುದರ ಮಾಹಿತಿ ಬೇಕೋ ಆ ಮನೆಯಲ್ಲಿ ಗುರುತು.

ಗುರುತಿನ ಜಾಗದಲ್ಲಿ ಮರುಕೆಲಸದ ಸಾಧ್ಯತೆ ಬರೆದು, ಕಂಪ್ಯೂಟರಿನಲ್ಲಿ ಸಾವಿರಾರು ಸಲ ಓಡಿಸುವುದೇ ಸಿಮ್ಯುಲೇಶನ್. 10 ದಿನದ ಕೆಲಸ ಪ್ರತಿ ಸಲವೂ ಪೂರ್ತಿಯಾಗಿ ವಾಪಸ್ ಬರುವ ಸಾಧ್ಯತೆ 30% ಇದ್ದರೆ, ಸರಾಸರಿ 14 ದಿನ ದಾಟುತ್ತದೆ. ನನಗೆ ಸರಾಸರಿಗಿಂತ ಮುಖ್ಯ ಅನ್ನಿಸುವುದು, ಕೆಟ್ಟರೆ ಎಷ್ಟು ದಿನ ಹಿಡಿಯಬಹುದು ಎನ್ನುವುದು.

ಆಮೇಲೆ ಕ್ರಮ ಬದಲಿಸಿ ನೋಡಿ. ಬಾಡಿಯ ಅಚ್ಚು ಮಾಡಿಸುವ ಮೊದಲೇ ಬಿಸಿಯ ಪರೀಕ್ಷೆ ಇಟ್ಟು ಮತ್ತೆ ಓಡಿಸಿ. ಸಾಧ್ಯತೆಯ ಅಂಕಿಗಳನ್ನು ಮಾತ್ರ ಸುಮ್ನೆ ಊಹಿಸಬೇಡಿ. ಆ ಕೆಲಸ ಮಾಡುವವರನ್ನೇ ಕೂರಿಸಿಕೊಂಡು ಕೇಳಿ.