ಆಲ್‌ದೋ ಇದ್ದ ಕಡೆ ಬಟ್ ಬೇಕಾ?

ಪ್ರಶ್ನೆ: ನಾನು ಹಾವೇರಿ ಕಡೆಯ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಗ್ರಾಹಕರಿಗೆ ಇಂಗ್ಲಿಷ್‌ನಲ್ಲಿ ಪತ್ರ ಬರೆಯುವಾಗ ‘ಆಲ್‌ದೋ’ ಹಾಕಿ, ಮುಂದೆ ‘ಬಟ್’ ಅಂತಲೂ ಬರೆಯುತ್ತೇನೆ. ಮ್ಯಾನೇಜರ್ ಪ್ರತಿ ಸಲ ಕೆಂಪು ಗೆರೆ ಎಳೆಯುತ್ತಾರೆ. ‘ಬಟ್’ನಿಂದ ವಾಕ್ಯ ಶುರು ಮಾಡಲೇಬಾರದು ಅಂತಲೂ ಹೇಳುತ್ತಾರೆ. ಅವರು ಹೇಳುವುದು ಸರಿಯೇ?

ಉತ್ತರ: ಅರ್ಧ ಸರಿ ಕಣಮ್ಮ. ಆಲ್‌ದೋ ಬಂದರೆ ಬಟ್ ಬೇಡ. ಎರಡು ಮಾತನ್ನು ಸೇರಿಸಲು ಒಂದು ಕೊಂಡಿ ಸಾಕು. ಹಳೇ ಇಂಗ್ಲಿಷ್‌ನಲ್ಲಿ ‘ದೋ’ ಜೊತೆಗೆ ‘ಯೆಟ್’ ಬರುತ್ತಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೋಬ ಹೇಳುವ ಮಾತು ನೋಡಿ: ‘ದೋ ಹಿ ಸ್ಲೇ ಮಿ, ಯೆಟ್ ವಿಲ್ ಐ ಟ್ರಸ್ಟ್ ಇನ್ ಹಿಮ್.’ ಯೆಟ್ ನಡೆಯುತ್ತದೆ, ಬಟ್ ನಡೆಯುವುದಿಲ್ಲ. ಸಾಲದ ಪತ್ರಕ್ಕೆ ಯೆಟ್ ಕೂಡ ಯಾಕೆ, ಸುಮ್ನೆ ಒಂದು ಅಲ್ಪವಿರಾಮ ಹಾಕಿ ಮುಂದೆ ಹೋಗಿ.

ಎರಡನೇ ಮಾತು ಮಾತ್ರ ತಪ್ಪು. ಅಮೆರಿಕದ 1787ರ ಸಂವಿಧಾನದಲ್ಲೇ ‘ಬಟ್ ಇನ್ ಆಲ್ ಸಚ್ ಕೇಸಸ್’ ಅಂತ ಶುರುವಾಗುವ ವಾಕ್ಯವಿದೆ. ಆದರೂ ಇದನ್ನು ಹಿಡಿದು ಮ್ಯಾನೇಜರ್ ಜೊತೆ ವಾದಕ್ಕೆ ಹೋಗಬೇಡಿ. ರಜೆ ಮಂಜೂರು ಮಾಡುವವರು ಅವರೇ ಅಲ್ವಾ!

ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ತಿದ್ದುವುದು ನನ್ನ ಕೆಲಸ. ಅಲ್ಲಿ ನಾನು ಇದಕ್ಕಿಂತ ಜಾಸ್ತಿ ಗಮನಿಸುವುದು ಯಾವ ಮಾತು ಕೊನೆಗೆ ಬರುತ್ತದೆ ಅನ್ನುವುದನ್ನು. ನಿಮ್ಮ ಬ್ಯಾಂಕಿನದೇ ಪತ್ರ ಅಂದುಕೊಳ್ಳಿ. ‘ಯುವರ್ ಲೋನ್ ಈಸ್ ಅಪ್ರೂವ್ಡ್, ಬಟ್ ದ ಸೆಕೆಂಡ್ ಇನ್‌ಸ್ಟಾಲ್‌ಮೆಂಟ್ ವಿಲ್ ಬಿ ಡಿಲೇಡ್.’ ಓದಿದವರು ತಕ್ಷಣ ಫೋನ್ ಮಾಡಿ ಎಷ್ಟು ತಡ, ಯಾಕೆ ತಡ ಅಂತ ಕೇಳುತ್ತಾರೆ. ಅದನ್ನೇ ತಿರುಗಿಸಿ: ‘ಆಲ್‌ದೋ ದ ಸೆಕೆಂಡ್ ಇನ್‌ಸ್ಟಾಲ್‌ಮೆಂಟ್ ವಿಲ್ ಬಿ ಡಿಲೇಡ್, ಯುವರ್ ಲೋನ್ ಈಸ್ ಅಪ್ರೂವ್ಡ್.’ ಸುದ್ದಿ ಅದೇ. ಆದರೆ ಈಗ ಮನಸ್ಸಿನಲ್ಲಿ ಉಳಿಯುವುದು ಸಾಲ ಸಿಕ್ಕಿತು ಅನ್ನುವುದು. ಆಲ್‌ದೋ ಅಂಟಿಸಿದ ಮಾತು ಹಿನ್ನೆಲೆಗೆ ಸರಿಯುತ್ತದೆ. ಬಟ್ ಆದ ಮೇಲೆ ಬಂದದ್ದು ಮುಂದೆ ನಿಲ್ಲುತ್ತದೆ. ಹಾಗಂತ ಕಂತು ತಡವಾಗುವುದೇ ಮುಖ್ಯ ವಿಷಯವಾಗಿದ್ದರೆ ಅದನ್ನು ಆಲ್‌ದೋ ಹಿಂದೆ ಬಚ್ಚಿಡಬೇಡಿ. ರೈತರು ಬಿತ್ತನೆಯ ಲೆಕ್ಕ ಹಾಕಿಕೊಂಡು ಕೂತಿರುತ್ತಾರೆ.

‘ವೈಲ್’ ವಿಷಯದಲ್ಲೂ ಸ್ವಲ್ಪ ಜೋಪಾನ. ‘ವೈಲ್ ದ ಮ್ಯಾನೇಜರ್ ರಿಫ್ಯೂಸ್ಡ್, ದ ಕ್ಯಾಷಿಯರ್ ಸೈನ್ಡ್’ ಅಂದರೆ ಮ್ಯಾನೇಜರ್ ಒಪ್ಪಲಿಲ್ಲ, ಕ್ಯಾಷಿಯರ್ ಸಹಿ ಹಾಕಿದರು ಅಂತಲೋ, ಅವರು ಬೇಡ ಅನ್ನುತ್ತಿರುವಾಗಲೇ ಇವರು ಹಾಕಿಬಿಟ್ಟರು ಅಂತಲೋ? ತನಿಖೆ ಬಂದರೆ ಇದೇ ದೊಡ್ಡ ರಗಳೆ. ಅಂಥ ಕಡೆ ‘ವೇರ್‌ಆ್ಯಸ್’ ಬಳಸಿ.

‘ಹೌಎವರ್’ಗಿಂತ ಮೊದಲು ಬರೀ ಅಲ್ಪವಿರಾಮ ಹಾಕಿ ಎರಡು ಪೂರ್ತಿ ವಾಕ್ಯ ಜೋಡಿಸುವವರು ಬಹಳ. ಅಲ್ಲಿ ಪೂರ್ಣವಿರಾಮ ಇಟ್ಟು ಹೊಸ ವಾಕ್ಯ ಶುರು ಮಾಡಿ. ‘ದೋ’ವನ್ನು ಕೊನೆಗೆ ಹಾಕುವುದು ವಾಟ್ಸಾಪ್‌ಗೆ ಚೆಂದ, ಬ್ಯಾಂಕಿನ ಲೆಟರ್‌ಹೆಡ್ಡಿಗಲ್ಲ. ಇನ್ನು ‘ಡಿಸ್ಪೈಟ್ ಆಫ್’ ಅಂತ ಬರೆದರೆ ಈ ಸಲ ಕೆಂಪು ಗೆರೆ ನನ್ನದು. ಆಫ್ ಬೇಕಿರುವುದು ‘ಇನ್ ಸ್ಪೈಟ್’ಗೆ ಮಾತ್ರ.