ಸಂಪಾದಕರ ಉತ್ತರ: ‘ತಲೆಯೇನು ಹಳೇ ರೇಡಿಯೋನಾ?’

ಅಕ್ಕೋರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಶಿರಸಿ ಕಡೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಎಂದು ಪತ್ರದಲ್ಲೇ ಇದೆಯಲ್ಲ, ಅದಕ್ಕೇ ನಿಮ್ಮ ಕಡೆಯ ಮಕ್ಕಳು ಕರೆಯುವ ಹಾಗೆ ಕರೆದಿದ್ದೇನೆ. ‘ನಿಮ್ಮ ಅಭಿಪ್ರಾಯವನ್ನು ಗಮನಿಸಿದ್ದೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳೋಣ ಎಂದೇ ಕೂತಿದ್ದೆ. ಆಗಲಿಲ್ಲ. ಮೂರು ವಾರದಿಂದ ಪತ್ರ ಮೇಜಿನ ಮೇಲೇ ಇದೆ, ಮೇಲೆ ಎರಡು ಸಲ ಚಹಾ ಚೆಲ್ಲಿದೆ.

ಧಾರಾವಾಹಿ ಓದದವರಿಗಾಗಿ ಒಂದೆರಡು ಮಾತು. ನಮ್ಮಲ್ಲಿ ಈಗ ಬರುತ್ತಿರುವ ಕಾದಂಬರಿಯ ನಾಯಕ ಸುಪಾರಿ ತೆಗೆದುಕೊಂಡು ಕೊಲ್ಲುವವನು. ಘಾಟಿಯಲ್ಲಿ ಜೀಪು ಉರುಳಿ ತಲೆಗೆ ಪೆಟ್ಟು ಬಿದ್ದು, ತಾನು ಯಾರೆಂಬುದೇ ಮರೆತುಹೋಗುತ್ತದೆ. ಕರಾವಳಿಯ ಬಂದರೊಂದರಲ್ಲಿ ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿರುವ ಅವನನ್ನು ಆರು ವರ್ಷದ ಮೇಲೆ ಹೆಂಡತಿ ಪತ್ತೆಹಚ್ಚುತ್ತಾಳೆ. ತಾನು ಯಾರೆಂದು ಹೇಳುವುದಿಲ್ಲ. ಅವನು ಅವಳನ್ನು ಹೊಸಬಳೆಂದುಕೊಂಡೇ ಮತ್ತೆ ಪ್ರೀತಿಸತೊಡಗುತ್ತಾನೆ. ಹದಿನೇಳನೇ ಕಂತಿನ ಕೊನೆಯಲ್ಲಿ ಹಳೆಯ ಶತ್ರುವೊಬ್ಬ ಸಲಾಕೆಯಿಂದ ತಲೆಗೆ ಬಾರಿಸಿದಾಗ ನೆನಪೆಲ್ಲ ವಾಪಸ್ಸು ಬರುತ್ತದೆ.

ನಿಮ್ಮ ಪತ್ರದಲ್ಲಿರುವುದು ಮೂರು ಮಾತು. ಒಂದು, ‘ತಲೆಯೇನು ಹಳೇ ರೇಡಿಯೋನಾ, ಒಂದು ಗುದ್ದಿದರೆ ನಿಂತು ಇನ್ನೊಂದು ಗುದ್ದಿದರೆ ಹಾಡೋದಕ್ಕೆ?’ ಎರಡು, ‘ಕೊಂದವನಿಗೆ ಮರೆವು ಬಂದರೆ ಕೊಲೆ ಇಲ್ಲವಾಯಿತೇ? ಸತ್ತವನ ಮನೆಯವರಿಗೂ ಮರೆವು ಬಂತೇ?’ ಮೂರನೆಯದನ್ನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ: ‘ಇಷ್ಟಾದರೂ ಗುರುವಾರ ಪತ್ರಿಕೆ ಬಂದ ಕೂಡಲೇ ಮೊದಲು ಓದುವುದು ಇದನ್ನೇ. ಯಾಕೆಂದು ನಿಮಗೆ ಗೊತ್ತಿದ್ದರೆ ಹೇಳಿ.’

ರೇಡಿಯೋ ವಿಷಯದಲ್ಲಿ ಸೋಲೊಪ್ಪಿಕೊಂಡೆ. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಆ ಪೆಟ್ಟಿನ ಹಿಂದುಮುಂದಿನ ಸಮಯವನ್ನು. ಹೆಸರು, ಊರು, ಬಾಲ್ಯ ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಎಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ 1881ರಲ್ಲೇ ಬರೆದಿಟ್ಟಿದ್ದ. ಎರಡನೇ ಪೆಟ್ಟು ನೆನಪು ತರುವುದಿರಲಿ, ಉಳಿದದ್ದನ್ನೂ ಕೆಡಿಸುತ್ತದೆ. ತಾನು ಯಾರೆಂಬುದೇ ಮರೆತು ಬೇರೆ ಊರಿನಲ್ಲಿ ಬೇರೆ ಹೆಸರಿನಲ್ಲಿ ಬದುಕಿದವರು ಇಲ್ಲವೆಂದಲ್ಲ. ಆದರೆ ಅದು ಬಹುತೇಕ ಮಿದುಳಿನ ಗಾಯವಲ್ಲ, ಮನಸ್ಸಿನದು. 1887ರ ಜನವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಆನ್ಸೆಲ್ ಬೋರ್ನ್ ಎಂಬ ಧರ್ಮಬೋಧಕ ಬ್ಯಾಂಕಿನಿಂದ ದುಡ್ಡು ಬಿಡಿಸಿಕೊಂಡು ಹೊರಟವನು ಮನೆಗೆ ಬರಲೇ ಇಲ್ಲ. ಪೆನ್ಸಿಲ್ವೇನಿಯಾದ ನಾರಿಸ್‌ಟೌನಿನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಲ್ಲಿ ಒಂದು ಪುಟ್ಟ ಅಂಗಡಿ ಇಟ್ಟ. ಕಾಗದ, ಮಿಠಾಯಿ, ಹಣ್ಣು. ಅಕ್ಕಪಕ್ಕದವರಿಗೆ ಅವನಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಾರ್ಚ್ 14ರಂದು ಗಾಬರಿಯಿಂದ ಎದ್ದು, ನಾನೆಲ್ಲಿದ್ದೇನೆ ಎಂದು ಮನೆಯವರನ್ನು ಕೇಳಿದ. ಅಂಗಡಿಯ ಸಂಗತಿ ಅವನಿಗೆ ಗೊತ್ತೇ ಇಲ್ಲ! ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವನನ್ನು ಪರೀಕ್ಷಿಸಿ ವಿವರವಾಗಿ ಬರೆದಿದ್ದಾರೆ. 1980ರಲ್ಲಿ ರಾಬರ್ಟ್ ಲುಡ್ಲಮ್ ಬರೆದ, ಈ ಜಾತಿಯ ಕಾದಂಬರಿಗಳಿಗೆಲ್ಲ ಹಿರಿಯಣ್ಣನಂತಿರುವ ‘ದಿ ಬೋರ್ನ್ ಐಡೆಂಟಿಟಿ’ಯ ನಾಯಕನಿಗೂ ಅದೇ ಅಡ್ಡಹೆಸರು. ಮಿಠಾಯಿ ಹೋಗಿ ಪಿಸ್ತೂಲು ಬಂದಿತ್ತು, ಅಷ್ಟೇ.

ಇನ್ನು ಆ ಸಲಾಕೆ. ಅದು ಲೇಖಕಿಯದಲ್ಲ ಅಕ್ಕೋರೇ, ನನ್ನದು.

ಹಸ್ತಪ್ರತಿಯಲ್ಲಿ ಆ ಕಂತು ಮುಗಿಯುತ್ತಿದ್ದುದೇ ಬೇರೆ ಥರ. ಸಂಜೆ ದೋಣಿ ಕಟ್ಟಲು ಅವನು ಹಗ್ಗ ಕೈಗೆತ್ತಿಕೊಳ್ಳುತ್ತಾನೆ. ಮೀನುಗಾರರ ಗಂಟು ಅವನಿಗೆ ಗೊತ್ತು, ಆರು ವರ್ಷದಿಂದ ಹಾಕುತ್ತಿದ್ದಾನೆ. ಅವತ್ತು ಯಾರೋ ಮಾತಿಗೆಳೆಯುತ್ತಾರೆ, ಗಮನ ಆ ಕಡೆ ಹೋಗುತ್ತದೆ, ಕೈ ತನ್ನ ಪಾಡಿಗೆ ಬೇರೊಂದು ಗಂಟು ಹಾಕಿಬಿಡುತ್ತದೆ. ಎಳೆದಷ್ಟೂ ಬಿಗಿಯುವ, ಮನುಷ್ಯನ ಕುತ್ತಿಗೆಯಳತೆಯ ಕುಣಿಕೆ. ಅವನು ಹಗ್ಗ ಕೆಳಗೆ ಹಾಕಿ ಕೈ ನೋಡಿಕೊಳ್ಳುತ್ತಾನೆ. ಅಷ್ಟಕ್ಕೇ ಕಂತು ಮುಗಿದಿತ್ತು. ಇದು ಬಹಳ ತಣ್ಣಗಾಯಿತು, ಮುಂದಿನ ವಾರದವರೆಗೆ ಓದುಗರನ್ನು ಹಿಡಿದಿಡುವಂಥದ್ದು ಕೊಡಿ ಎಂದು ನಾನೇ ಫೋನ್ ಮಾಡಿದೆ. ಪುಟ ಅಚ್ಚಿಗೆ ಹೋಗಲು ಒಂದೇ ದಿನ ಬಾಕಿ. ಪಾಪ, ಅವರು ಸಲಾಕೆ ತಂದುಕೊಟ್ಟರು.

ಆ ಗಂಟು ನಿಮ್ಮ ವಿಜ್ಞಾನಕ್ಕೂ ಸರಿಹೊಂದುತ್ತಿತ್ತು ಎಂಬುದು ಈಗ ಹೊಟ್ಟೆ ಉರಿಸುತ್ತಿದೆ. 1953ರಲ್ಲಿ ಮೂರ್ಛೆರೋಗ ತಡೆಯಲೆಂದು ಹೆನ್ರಿ ಮೊಲೈಸನ್ ಎಂಬ 27ರ ಅಮೆರಿಕನ್ ಯುವಕನ ಮಿದುಳಿನ ಎರಡೂ ಬದಿಯಿಂದ, ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು, ಜೊತೆಗೆ ಹೊಸ ನೆನಪು ತಲೆಯಲ್ಲಿ ಕೂರುವುದೂ ನಿಂತುಹೋಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೊಂದು ಆಟ ಕೊಟ್ಟರು: ನಕ್ಷತ್ರದ ಚಿತ್ರವನ್ನೂ ತನ್ನ ಕೈಯನ್ನೂ ಕನ್ನಡಿಯಲ್ಲಷ್ಟೇ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. (ಮನೆಯಲ್ಲಿ ಮಾಡಿ ನೋಡಿ, ಮೊದಲ ಸಲ ಹುಳ ಹರಿದಾಡಿದ ಹಾಗಿರುತ್ತದೆ.) ಮೂರನೇ ದಿನಕ್ಕೆ ಅವರ ಗೆರೆ ನೆಟ್ಟಗಾಯಿತು. ಆದರೆ ಆ ಆಟವನ್ನು ಹಿಂದೆ ಆಡಿದ್ದೇ ಅವರಿಗೆ ನೆನಪಿರಲಿಲ್ಲ. ತಲೆ ಮರೆತದ್ದನ್ನು ಕೈ ಕಲಿತಿತ್ತು. 1996ರ ‘ದಿ ಲಾಂಗ್ ಕಿಸ್ ಗುಡ್‌ನೈಟ್’ ಎಂಬ ಹಾಲಿವುಡ್ ಸಿನಿಮಾದಲ್ಲಿ ಹಳೆಯದೆಲ್ಲ ಮರೆತ ಶಾಲಾಶಿಕ್ಷಕಿಯೊಬ್ಬಳು ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿರುತ್ತಾಳೆ. ಚಾಕು ತಾನೇ ತಾನಾಗಿ ವೇಗ ಹಿಡಿಯುತ್ತದೆ. ಅಯ್ಯೋ, ನಾನು ಹಿಂದೆ ಬಾಣಸಿಗಳಾಗಿದ್ದೆ ಎಂದು ಅವಳಿಗೆ ಖುಷಿಯೋ ಖುಷಿ. ಆಗಿದ್ದದ್ದು ಹಂತಕಿ. ಬಾಕಿ ಸಿನಿಮಾ ಗುಂಡುಗಳ ಗದ್ದಲ, ಆ ಕ್ಯಾರೆಟ್ ಮಾತ್ರ ಅಪ್ಪಟ ಸತ್ಯ.

ನಿಮ್ಮ ಅಂಚಿನ ಪ್ರಶ್ನೆಗೆ ಬರುತ್ತೇನೆ. ನೀವು ಓದುತ್ತಿರುವುದು ಅವನಿಗಾಗಿ ಅಲ್ಲ ಎಂದು ನನ್ನ ಅನುಮಾನ. ಮರೆತವನಿಗೇನು, ನೆಮ್ಮದಿ. ಎದುರಿಗೆ ಕೂತು ಅವನಿಗೆ ಗಂಜಿ ಬಡಿಸುತ್ತ, ಇವನಿಗೆ ಉಪ್ಪಿನಕಾಯಿ ಸೇರದು ಎಂಬುದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ‘ಹಾಕಲಾ?’ ಎಂದು ಕೇಳುತ್ತಾಳಲ್ಲ, ಆ ಹೆಂಗಸಿಗಾಗಿ. ಪಿಸ್ತೂಲಿನ ಕುತೂಹಲ ಒಂದು ಪ್ಯಾರಾಕ್ಕೆ ಖರ್ಚಾಗುತ್ತದೆ, ಉಪ್ಪಿನಕಾಯಿಯದು ಹತ್ತು ಕಂತು ಬರುತ್ತದೆ. ಜೇಮ್ಸ್ ಹಿಲ್ಟನ್ನನ ‘ರಾಂಡಮ್ ಹಾರ್ವೆಸ್ಟ್’ ಎಂಬ 1941ರ ಕಾದಂಬರಿಯಲ್ಲಿ, ತನ್ನನ್ನು ಮರೆತ ಗಂಡನ ಕಚೇರಿಗೇ ಹೆಂಡತಿ ಕಾರ್ಯದರ್ಶಿಯಾಗಿ ಸೇರುತ್ತಾಳೆ. ಈಕೆಯೇ ಆಕೆ ಎಂಬುದನ್ನು ಕಾದಂಬರಿ ಕೊನೆಯವರೆಗೂ ಮುಚ್ಚಿಡುತ್ತದೆ. ಮರುವರ್ಷ ಬಂದ ಸಿನಿಮಾದಲ್ಲಿ ಮುಚ್ಚಿಡಲು ಬರುವುದಿಲ್ಲವಲ್ಲ, ನಟಿಯ ಮುಖ ಎಲ್ಲರಿಗೂ ಕಾಣುತ್ತದೆ. ನೋಡುವವರಿಗೆ ಗೊತ್ತು, ಅವಳಿಗೆ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಸಿನಿಮಾವೇ ಹೆಚ್ಚು.

ಕಥೆ ಬಿಡಿ, ನಿಜವಾಗಿ ನಡೆದದ್ದೂ ಇದೆ. ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರಿಗೆ 1985ರ ಮಾರ್ಚಿನಲ್ಲಿ ಹರ್ಪಿಸ್ ವೈರಾಣು ಮಿದುಳಿಗೇರಿತು. ಬದುಕುಳಿದರು, ಆದರೆ ಯಾವುದೂ ಕೆಲವು ಕ್ಷಣಕ್ಕಿಂತ ಹೆಚ್ಚು ನೆನಪಿನಲ್ಲಿ ನಿಲ್ಲದಂತಾಯಿತು. ದಿನಚರಿ ಪುಸ್ತಕದಲ್ಲಿ ಗಂಟೆ ನಿಮಿಷ ನಮೂದಿಸಿ, ಈಗಷ್ಟೇ ಮೊದಲ ಸಲ ನಿಜವಾಗಿ ಎಚ್ಚರವಾದೆ ಎಂದು ಬರೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಸಾಲು ಬೇರೆ ಯಾರೋ ಬರೆದದ್ದೆನಿಸಿ ಹೊಡೆದುಹಾಕಿ ಕೆಳಗೆ ಮತ್ತೆ ಅದನ್ನೇ ಬರೆಯುತ್ತಿದ್ದರು. ಪುಟದ ಮೇಲೆ ಪುಟ ಹೀಗೇ. ಪಿಯಾನೊ ಮುಂದೆ ಕೂರಿಸಿದರೆ ಬೆರಳು ಮಾತ್ರ ತಪ್ಪುತ್ತಿರಲಿಲ್ಲ. ಮತ್ತೆ ಹೆಂಡತಿ ಡೆಬೊರಾ. ಆಕೆ ಪಕ್ಕದ ಕೋಣೆಗೆ ಹೋಗಿ ಬಂದರೂ ಎಷ್ಟೋ ವರ್ಷದ ಮೇಲೆ ಸಿಕ್ಕವಳಂತೆ ಓಡಿಬಂದು ಅಪ್ಪಿಕೊಳ್ಳುತ್ತಿದ್ದರು. ಕೇಳಲು ಎಷ್ಟು ಚೆಂದ! ದಿನಕ್ಕೆ ಇಪ್ಪತ್ತು ಸಲ ಹಾಗೆ ಅಪ್ಪಿಸಿಕೊಳ್ಳುವವಳ ಕಡೆಯಿಂದ ಯೋಚಿಸಿ. ಡೆಬೊರಾ ತಡೆಯಲಾಗದೆ ವಿಚ್ಛೇದನ ಪಡೆದು ಅಮೆರಿಕಕ್ಕೆ ಹೋದರು. ಅಲ್ಲೂ ಇರಲಾಗಲಿಲ್ಲ. ವಾಪಸ್ಸು ಬಂದು 2002ರಲ್ಲಿ ಇಬ್ಬರೂ ಮದುವೆಯ ಪ್ರತಿಜ್ಞೆಯನ್ನು ಮತ್ತೊಮ್ಮೆ ಮಾಡಿದರು. ಅವರಿಗೆ ಆಕೆ ಹೋದದ್ದೂ ಗೊತ್ತಿಲ್ಲ, ಬಂದದ್ದೂ ಗೊತ್ತಿಲ್ಲ.

ಉಳಿದದ್ದು ನಿಮ್ಮ ಎರಡನೇ ಮಾತು. ನಿದ್ದೆಗೆಡಿಸಿದ್ದು ಅದೇ.

ಮರೆವು ಅಂದರೆ ಕಥೆಗಾರರ ಕೈಯಲ್ಲಿ ಸಿಗುವ ಸಾಬೂನು. ಇದನ್ನು ನಾವು ಪಶ್ಚಿಮದಿಂದ ಕಲಿತೆವು ಎಂದುಕೊಳ್ಳಬೇಡಿ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಮಗನನ್ನು ಕರೆದುಕೊಂಡು ಸಭೆಗೆ ಬಂದಾಗ ದುಷ್ಯಂತ ನೆನಪಿಲ್ಲ ಅನ್ನುತ್ತಾನೆ. ವ್ಯಾಸರು ಅಲ್ಲೊಂದು ಪದ ಇಡುತ್ತಾರೆ: ‘ಸ್ಮರನ್ನಪಿ’. ನೆನಪಿದ್ದೂ ಹಾಗೆಂದ. ಅಲ್ಲಿ ಶಾಪವಿಲ್ಲ, ಉಂಗುರವಿಲ್ಲ, ಮೀನೂ ಇಲ್ಲ. ಜನ ಏನಂದಾರೋ ಎಂದು ಹೆದರಿ ಸುಳ್ಳು ಹೇಳಿದ ಒಬ್ಬ ಗಂಡಸು, ಅವನನ್ನು ಸಭೆಯಲ್ಲೇ ತರಾಟೆಗೆ ತೆಗೆದುಕೊಂಡ ಒಬ್ಬ ಹೆಂಗಸು, ಇಷ್ಟೇ. ಕಾಳಿದಾಸನಿಗೆ ಇಂಥ ನಾಯಕ ಬೇಡವಾಗಿತ್ತು. ದೂರ್ವಾಸರನ್ನು ಕರೆಸಿ ಶಾಪ ಕೊಡಿಸಿದ, ಸುಳ್ಳು ಮರೆವಾಯಿತು, ರಾಜ ಶುಭ್ರನಾದ. ಆದರೆ ಕಾಳಿದಾಸ ಕಿಲಾಡಿ. ಕೊನೆಯ ಅಂಕದಲ್ಲಿ ಮಾರೀಚ ಮಹರ್ಷಿಗಳು ಶಾಪದ ಸಂಗತಿ ಬಿಡಿಸಿ ಹೇಳಿದ ಕೂಡಲೇ ದುಷ್ಯಂತನ ಬಾಯಿಂದ ಬರುವುದು ಹೆಂಡತಿಯ ಹೆಸರಲ್ಲ, ಒಂದು ನಿಟ್ಟುಸಿರು: ಅಬ್ಬಾ, ಅಪವಾದದಿಂದ ಪಾರಾದೆ. ಸಾಬೂನಿನ ವಾಸನೆ ಅಲ್ಲಿ ಬಂದೇ ಬರುತ್ತದೆ. (ರಾಜನ ಮರೆವಿಗೆ ಪೆಟ್ಟು ತಿಂದವನು ಉಂಗುರ ಸಿಕ್ಕ ಬೆಸ್ತ. ಕಳ್ಳನೆಂದು ಅವನನ್ನು ಗುದ್ದಿದ ಕಾವಲಿನವರೇ, ಬಹುಮಾನ ಬಂದ ಮೇಲೆ ಅವನ ಜೊತೆ ಹೆಂಡದಂಗಡಿಗೆ ಹೊರಡುತ್ತಾರೆ. ಈ ದೃಶ್ಯ ಯಾವಾಗ ಓದಿದರೂ ನಿನ್ನೆ ಬರೆದಂತಿದೆ.)

ಸುಪಾರಿಯವನ ಪ್ರೇಮಕಥೆಗೆ ಈ ಸಾಬೂನು ಇನ್ನೂ ಹೆಚ್ಚು ಬೇಕು. ಯಾಕೆಂದರೆ ಅವನು ಪ್ರೀತಿಗೆ ಹೇಳಿಮಾಡಿಸಿದವನಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ಪಟ್ಟಿ ಇದೆ. ದುಡ್ಡಿಗಾಗಿ ಆನೆಯ ಎದುರಿಗೂ ನಿಲ್ಲುವ, ಜೀವದ ಹಂಗು ತೊರೆದವನು ‘ತೀಕ್ಷ್ಣ’. ವಿಷ ಹಾಕುವವನು ‘ರಸದ’, ಅವನಿಗಿರಬೇಕಾದ ಮೊದಲ ಅರ್ಹತೆ ಬಂಧುಗಳಲ್ಲಿ ಸ್ನೇಹವಿಲ್ಲದಿರುವುದು. ಕೌಟಿಲ್ಯ ಯಾವ ಗುಣ ಇರಬಾರದೆಂದು ಆರಿಸಿದನೋ ಅದನ್ನೇ ನಮ್ಮ ಲೇಖಕರು ಅವನೆದೆಯಲ್ಲಿ ಬಿತ್ತಬೇಕು. ಅಡ್ಡದಾರಿ ಹಿಡಿಯದೆ ಇರುತ್ತಾರೆಯೇ? ಲುಡ್ಲಮ್ಮನ ಕಾದಂಬರಿಯಲ್ಲಿ ಆ ಬೋರ್ನ್ ಹಂತಕನೇ ಅಲ್ಲ, ಇನ್ನೊಬ್ಬ ಹಂತಕನನ್ನು ಬಲೆಗೆ ಕೆಡವಲು ವೇಷ ಹಾಕಿದ ಸರ್ಕಾರಿ ಮನುಷ್ಯ ಎಂದಾಗುತ್ತದೆ. 2002ರ ಸಿನಿಮಾದಲ್ಲಿ ಅವನು ಹಂತಕನೇ, ಆದರೆ ಮಗುವಿನೆದುರು ಗುಂಡು ಹಾರಿಸಲಾರದೆ ಕೈಸೋತವನು. ಎರಡೂ ತೊಳೆದ ಬಟ್ಟೆಯೇ.

ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು 2004ರಲ್ಲಿ ಬಂದ ಅದರ ಮುಂದಿನ ಭಾಗ. ಅವನು ಬರ್ಲಿನ್ನಿನಲ್ಲಿ ಒಬ್ಬ ರಷ್ಯನ್ ರಾಜಕಾರಣಿಯನ್ನೂ ಅವನ ಹೆಂಡತಿಯನ್ನೂ ಕೊಂದು, ಹೆಂಡತಿಯೇ ಗಂಡನನ್ನು ಕೊಂದು ತಾನೂ ಸತ್ತಳು ಎಂದು ತೋರುವಂತೆ ಮಾಡಿರುತ್ತಾನೆ. ನೆನಪು ಚೂರುಚೂರಾಗಿ ಮರಳುತ್ತದೆ. ಕೊನೆಗೆ ಅವನು ಹೋಗುವುದು ಶತ್ರುವಿನ ಮನೆಗಲ್ಲ, ಮಾಸ್ಕೋದ ಒಂದು ಚಿಕ್ಕ ಮನೆಗೆ, ಅವರ ಮಗಳನ್ನು ಹುಡುಕಿಕೊಂಡು. ನಿನ್ನ ತಾಯಿ ಕೊಂದದ್ದಲ್ಲ, ನಾನು ಎಂದು ಹೇಳುತ್ತಾನೆ. ಆ ಹುಡುಗಿ ಕ್ಷಮಿಸುವುದಿಲ್ಲ, ಕೂಗಾಡುವುದೂ ಇಲ್ಲ. ಅವನು ಎದ್ದು ಹಿಮದಲ್ಲಿ ಹೊರಟುಹೋಗುತ್ತಾನೆ.

ನಮ್ಮ ಧಾರಾವಾಹಿಯಲ್ಲಿ ಸತ್ತವನಿಗೆ ಹೆಸರಿದೆ, ಮನೆಯಿಲ್ಲ. ಮೂರನೇ ಕಂತಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದವನು ಮತ್ತೆ ಬರಲೇ ಇಲ್ಲ. ನಿಮ್ಮ ಪತ್ರದ ಆ ಸಾಲನ್ನು ಲೇಖಕಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನಿಗೆ ಒಬ್ಬ ತಂಗಿ ಇದ್ದಳು, ಮೊದಲ ಕರಡಿನಲ್ಲಿ. ಪುಟ ಸಾಲದು ಅಂತ ನೀವೇ ತೆಗೆಸಿದ್ದು’ ಎಂದರು. ಈ ಪತ್ರವ್ಯವಹಾರದಲ್ಲಿ ನನ್ನ ಮಾನ ಉಳಿಯುವ ಲಕ್ಷಣವಿಲ್ಲ.

ತಂಗಿ ಇಪ್ಪತ್ತನೇ ಕಂತಿನಲ್ಲಿ ಬರುತ್ತಾಳೆ. ಬರೆಯಲು ಸಮಯ ಬೇಕಿರುವುದರಿಂದ ಮುಂದಿನ ಗುರುವಾರ ಧಾರಾವಾಹಿ ಇರುವುದಿಲ್ಲ, ಆ ಜಾಗದಲ್ಲಿ ಹಲಸಿನ ಹಪ್ಪಳದ ಲೇಖನವಿದೆ. ಅಚ್ಚಾದ ಸಲಾಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು, ಪುಸ್ತಕವಾಗುವಾಗ ಗಂಟೇ ಇರುತ್ತದೆ. ಮತ್ತೆ, ನಾಯಕಿಯ ಎಡಗೈ ಮೇಲಿದ್ದ ಸುಟ್ಟ ಗಾಯ ಹದಿನಾಲ್ಕನೇ ಕಂತಿನಲ್ಲಿ ಬಲಗೈಗೆ ಹೋಗಿದೆ ಎಂದು ಪತ್ರದ ಹಿಂಬದಿಯಲ್ಲಿ ಬರೆದಿದ್ದೀರಿ. ಹೌದು, ಹೋಗಿದೆ. ಕರಡು ತಿದ್ದಿದವನೂ ನಾನೇ. ಎಡಗೈ ಎಂದು ಓದಿಕೊಳ್ಳಿ.

ಸಂಪಾದಕ