ಮಗುವಿನ ಕಾಯಿಲೆ ಅಪರೂಪದ್ದಾದಾಗ ಜೊತೆಗಾರರನ್ನು ಹುಡುಕುವುದು ಹೇಗೆ?

ಮಕ್ಕಳ ಅಪರೂಪದ ಜೆನೆಟಿಕ್ ಕಾಯಿಲೆಗಳು, ಅವುಗಳ ಬಗ್ಗೆ ಆನ್‌ಲೈನ್‌ನಲ್ಲಿ ನೆರವು ಹುಡುಕುವ ತಂದೆತಾಯಿಯರು: ಈ ಸಂಚಿಕೆಯ ಪ್ರಶ್ನೆಗಳೆಲ್ಲ ಇದೇ ವಿಷಯದ್ದು.

ಪ್ರಶ್ನೆ: ನಮ್ಮ ಎರಡೂವರೆ ವರ್ಷದ ಮಗನಿಗೆ ಇನ್ನೂ ಮಾತು ಬಂದಿಲ್ಲ, ನಡಿಗೆಯೂ ತಡವಾಯಿತು. ಜೆನೆಟಿಕ್ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಕಾಯಿಲೆಯ ಹೆಸರು ಬರೆದುಕೊಟ್ಟು, "ತುಂಬಾ ಅಪರೂಪ, ನಾನು ಇಂಥ ಮಗುವನ್ನು ಇದುವರೆಗೆ ನೋಡಿಲ್ಲ" ಎಂದರು. ಆ ಹೆಸರು ಹಾಕಿ ಹುಡುಕಿದರೆ ಎದೆ ನಡುಗಿಸುವ ಚಿತ್ರಗಳೇ ಬರುತ್ತವೆ. ಇದೇ ತೊಂದರೆಯಿರುವ ಬೇರೆ ಮಕ್ಕಳ ಅಪ್ಪ-ಅಮ್ಮಂದಿರನ್ನು ಹುಡುಕುವುದು ಹೇಗೆ?

ಉತ್ತರ: ಕಾಯಿಲೆಯ ಹೆಸರು ಬರೆದ ಚೀಟಿ ಸಾಲದು. ಲ್ಯಾಬ್ ಕೊಟ್ಟ ರಿಪೋರ್ಟಿನ ಎಲ್ಲ ಪುಟಗಳನ್ನೂ ಕೇಳಿ ಪಡೆಯಿರಿ, ಸಂಕೋಚ ಬೇಡ. ಅದರಲ್ಲಿ ಸಾಮಾನ್ಯವಾಗಿ ಫಲಿತಾಂಶ ಎಂದು ಒಂದು ಸಾಲು ಇರುತ್ತದೆ. ನಿಮ್ಮ ಹುಡುಕಾಟವೆಲ್ಲ ನಿಲ್ಲುವುದು ಆ ಸಾಲಿನ ಮೇಲೆ.

ಶ್ವಾಸಕೋಶ, ಜೀರ್ಣಾಂಗಗಳನ್ನು ಕಾಡುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಲ್ಲಿ ಅತಿ ಹೆಚ್ಚು ಕಾಣುವ ಸಾಲನ್ನು ನೋಡಿ: "ಸಿಎಫ್‌ಟಿಆರ್, ಸಿ.1521_1523ಡೆಲ್, ಪಿ.ಫೆ508ಡೆಲ್, ಹೋಮೋಜೈಗಸ್". ಮೊದಲನೆಯದು ಜೀನಿನ ಚಿಹ್ನೆ. 'ಸಿ.' ಆದಮೇಲೆ ಬರುವುದು ಡಿಎನ್‌ಎ ಅಕ್ಷರಗಳ ಲೆಕ್ಕ: 1521ರಿಂದ 1523ರವರೆಗಿನ ಮೂರು ಅಕ್ಷರ ಬಿಟ್ಟುಹೋಗಿವೆ. 'ಪಿ.' ಎಂಬುದು ಅದರಿಂದ ಪ್ರೋಟೀನಿಗೆ ಏನಾಯಿತೆಂಬುದನ್ನು ಹೇಳುತ್ತದೆ: 508ನೇ ಜಾಗದಲ್ಲಿರಬೇಕಾದ ಫೀನೈಲಲನಿನ್ ಎಂಬ ಅಮೈನೋ ಆಮ್ಲ ಇಲ್ಲ. ಹೋಮೋಜೈಗಸ್ ಅಂದರೆ ತಾಯಿಯಿಂದ ಬಂದ ಪ್ರತಿಯಲ್ಲೂ ತಂದೆಯಿಂದ ಬಂದ ಪ್ರತಿಯಲ್ಲೂ ಇದೇ ಬದಲಾವಣೆ ಇದೆ. ಹೆಟೆರೋಜೈಗಸ್ ಎಂದಿದ್ದರೆ ಒಂದೇ ಪ್ರತಿಯಲ್ಲಿ. 'ಡಿ ನೋವೊ' ಎಂದಿದ್ದರೆ ತಂದೆತಾಯಿಯ ರಕ್ತಪರೀಕ್ಷೆಯಲ್ಲಿ ಅದು ಕಂಡುಬಂದಿಲ್ಲ, ಮಗುವಿನಲ್ಲಿ ಹೊಸದಾಗಿ ಆಗಿದೆ ಎಂದರ್ಥ. ಗರ್ಭಿಣಿಯಾಗಿದ್ದಾಗ ಏನೋ ತಿಂದೆ, ಎಲ್ಲೋ ಹೋದೆ ಎಂದು ಕೊರಗುವ ತಾಯಂದಿರು ಈ ಒಂದು ಪದವನ್ನು ಡಾಕ್ಟರ ಬಾಯಿಂದ ಬಿಡಿಸಿ ಹೇಳಿಸಿಕೊಳ್ಳಬೇಕು.

ಜೊತೆಗೆ 'ಎನ್‌ಎಂ' ಎಂದು ಶುರುವಾಗುವ ಒಂದು ಸಂಖ್ಯೆಯೂ ಇರುತ್ತದೆ. ಅಕ್ಷರಗಳನ್ನು ಯಾವ ಮೂಲಪ್ರತಿ ಇಟ್ಟುಕೊಂಡು ಎಣಿಸಿದ್ದಾರೆ ಎಂಬುದರ ಗುರುತು ಅದು. ಮೂಲಪ್ರತಿ ಬೇರೆಯಾದರೆ ಅದೇ ಬದಲಾವಣೆಗೆ ಬೇರೆ ಸಂಖ್ಯೆ ಬರುತ್ತದೆ. ಹಾಗಾಗಿ ಅದನ್ನು ಬಿಟ್ಟು ಬರೆದುಕೊಂಡರೆ, ಇನ್ನೊಂದು ಮಗುವಿನದೂ ನಿಮ್ಮದೂ ಒಂದೇ ಆಗಿದ್ದರೂ ಬೇರೆ ಎಂದುಕೊಂಡು ಕೈಬಿಡುತ್ತೀರಿ. ವರ್ಣತಂತುವಿನ ತುಂಡು ಕಾಣೆಯಾಗಿದೆ ಎನ್ನುವ ಮೈಕ್ರೋಅರೇ ರಿಪೋರ್ಟಿನಲ್ಲೂ ಇದೇ ಎಡವಟ್ಟು ಆಗುತ್ತದೆ. ಅಲ್ಲಿ 'ಜಿಆರ್‌ಸಿಎಚ್37' ಅಥವಾ 'ಜಿಆರ್‌ಸಿಎಚ್38' ಎಂದು ಬರೆದಿರುತ್ತದೆ. ಇವು ಒಂದೇ ಊರಿನ ಹಳೇ ನಕ್ಷೆ, ಹೊಸ ನಕ್ಷೆ ಇದ್ದಂತೆ. 37ರ ಅಂಕಿಗಳನ್ನು 38ರ ಅಂಕಿಗಳೊಂದಿಗೆ ನೇರವಾಗಿ ಹೋಲಿಸಬಾರದು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಡಲು ಜೆನೆಟಿಕ್ ಕೌನ್ಸೆಲರನ್ನು (ಇಂಥ ರಿಪೋರ್ಟನ್ನು ಮನೆಯವರಿಗೆ ಬಿಡಿಸಿ ಹೇಳುವ ತಜ್ಞರನ್ನು) ಕೇಳಿ.

ಇನ್ನು ಹುಡುಕಾಟ. ಕಾಯಿಲೆಯ ಹೆಸರಿನಿಂದಲ್ಲ, ಜೀನಿನ ಚಿಹ್ನೆಯಿಂದ ಶುರುಮಾಡಿ, ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಚಿಹ್ನೆಯ ಜೊತೆ 'ಫೌಂಡೇಶನ್' ಅಥವಾ 'ಫ್ಯಾಮಿಲೀಸ್' ಎಂದು ಸೇರಿಸಿದರೆ ತಂದೆತಾಯಿಯರೇ ಕಟ್ಟಿಕೊಂಡ ಸಂಘಗಳು ಮೇಲೆ ಬರುತ್ತವೆ. ಚಿತ್ರಗಳ ಪುಟಕ್ಕೆ ಹೋಗಬೇಡಿ. ವೈದ್ಯಕೀಯ ಪತ್ರಿಕೆಗಳಲ್ಲಿ ಮೊದಲು ಅಚ್ಚಾಗುವುದು ತೀವ್ರ ತೊಂದರೆಯಿದ್ದ ಮಕ್ಕಳ ಫೋಟೋ; ಹಗುರ ಲಕ್ಷಣದ ಮಕ್ಕಳು ಬೆಳಕಿಗೆ ಬರುವುದು ಎಷ್ಟೋ ವರ್ಷಗಳ ಮೇಲೆ.

ಜೀನಿಗೆ ಹಳೇ ಹೆಸರು ಇತ್ತೇ ಎಂದೂ ನೋಡಿ. ಕಬುಕಿ ಸಿಂಡ್ರೋಮಿಗೆ ಕಾರಣವಾಗುವ ಕೆಎಂಟಿ2ಡಿ ಜೀನನ್ನು ಮೊದಲು ಎಂಎಲ್‌ಎಲ್2 ಎನ್ನುತ್ತಿದ್ದರು. ಹಳೆಯ ಚರ್ಚೆ, ಹಳೆಯ ಲೇಖನಗಳು ಆ ಹೆಸರಿನಲ್ಲೇ ಉಳಿದಿವೆ. ಓಮಿಮ್ ಎಂಬ ಉಚಿತ ಜಾಲತಾಣದಲ್ಲಿ ಪ್ರತಿ ಜೀನಿಗೂ ಪ್ರತಿ ಕಾಯಿಲೆಗೂ ಆರಂಕಿಯ ಸಂಖ್ಯೆಯಿದೆ, ಬದಲಿ ಹೆಸರುಗಳೂ ಅಲ್ಲೇ ಸಿಗುತ್ತವೆ. ಫ್ರಾನ್ಸಿನಲ್ಲಿ 1997ರಲ್ಲಿ ಶುರುವಾದ ಆರ್ಫನೆಟ್‌ನಲ್ಲಿ ಕಾಯಿಲೆಯ ಪುಟದ ಜೊತೆ ರೋಗಿಗಳ ಸಂಘಗಳ ಪಟ್ಟಿಯೂ ಇದೆ. ವರ್ಣತಂತುವಿನ ತೊಂದರೆಯಾದರೆ ಬ್ರಿಟನ್ನಿನ 'ಯೂನಿಕ್' ಸಂಸ್ಥೆಯ ಕಿರುಪುಸ್ತಕಗಳನ್ನು ತಪ್ಪದೆ ನೋಡಿ: ಮನೆಯವರಿಗೆಂದೇ ಬರೆದವು, ತಜ್ಞರು ಪರಿಶೀಲಿಸಿದವು, ದುಡ್ಡು ಕೊಡಬೇಕಿಲ್ಲ.

ಇಷ್ಟು ಮಾಡಿದರೂ ಒಂದು ಕುಟುಂಬವೂ ಸಿಗಲಿಲ್ಲವೇ? ಆಗ ನೀವು ಹುಡುಕುವುದರ ಜೊತೆಗೆ ಇತರರಿಗೆ ನೀವು ಸಿಗುವಂತೆ ಮಾಡಬೇಕು. ಆಗ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅಮೆರಿಕದ ಮ್ಯಾಟ್ ಮೈಟ್ ಅವರಿಗೆ, ತಮ್ಮ ಮಗನಿಗೆ ಎನ್‌ಜಿಎಲ್‌ವೈ1 ಜೀನಿನ ತೊಂದರೆ ಎಂದು ಗೊತ್ತಾದಾಗ ಇಡೀ ಜಗತ್ತಿನಲ್ಲಿ ಅಂಥ ಇನ್ನೊಂದು ಮಗು ಗೊತ್ತಿರಲಿಲ್ಲ. 2012ರಲ್ಲಿ ಅವರು ಜೀನಿನ ಹೆಸರು, ಅಳುವಾಗ ಕಣ್ಣೀರು ಬಾರದಿರುವುದೂ ಸೇರಿದಂತೆ ಲಕ್ಷಣಗಳನ್ನು ಬರೆದು ಪ್ರಕಟಿಸಿದರು. ಲಕ್ಷಣ ಹಾಕಿ ಹುಡುಕುತ್ತಿದ್ದ ಬೇರೆ ಕುಟುಂಬಗಳು ಆ ಬರಹಕ್ಕೆ ಬಂದು ತಲುಪಿದವು. 2014ರಲ್ಲಿ ಎಂಟು ರೋಗಿಗಳ ವಿವರವಿದ್ದ ವೈದ್ಯಕೀಯ ಲೇಖನವೇ ಹೊರಬಂತು. ಅದೇ ಕೆಲಸಕ್ಕೆ ಈಗ ಜೀನ್‌ಮ್ಯಾಚರ್ ಎಂಬ ತಾಣವೂ ಇದೆ. ಜೀನಿನ ಚಿಹ್ನೆ ದಾಖಲಿಸಿದರೆ, ಅದೇ ಜೀನನ್ನು ಹಾಕಿದ ವೈದ್ಯರು, ಸಂಶೋಧಕರು ಅಥವಾ ಕುಟುಂಬದವರು ಇದ್ದಾಗ ಇಬ್ಬರಿಗೂ ಇಮೇಲ್ ಬರುತ್ತದೆ. ಬರಹದಲ್ಲಿ ಡಾಕ್ಟರ ಭಾಷೆ ಮಾತ್ರ ಹಾಕಬೇಡಿ. ಇನ್ನೂ ರಿಪೋರ್ಟ್ ಬಾರದ ತಾಯಿ "ಮಗು ಅತ್ತರೆ ಕಣ್ಣೀರಿಲ್ಲ" ಎಂದೇ ಹುಡುಕುವುದು.

ಪ್ರಶ್ನೆ: ಫೇಸ್‌ಬುಕ್ ಗ್ರೂಪಿನಲ್ಲಿ ಒಬ್ಬರು ತಮ್ಮ ಮಗುವಿಗೆ ಕೀಟೋಜೆನಿಕ್ ಆಹಾರ (ಕೊಬ್ಬು ಜಾಸ್ತಿ, ಅನ್ನ-ಸಕ್ಕರೆ ತೀರಾ ಕಡಿಮೆ) ಕೊಟ್ಟು ಫಿಟ್ಸ್ ನಿಂತಿತು, ಮಾತ್ರೆ ಬಿಡಿಸಿದೆವು ಎನ್ನುತ್ತಾರೆ. ಅವರ ಮಗುವಿನದೂ ನಮ್ಮ ಮಗಳದೂ ಒಂದೇ ಜೀನ್. ನಾವೂ ಮಾಡಬಹುದೇ?

ಉತ್ತರ: ನೀವಾಗಿ ಮಾಡಬೇಡಿ. ಜೀನ್ ಒಂದೇ ಆದಮಾತ್ರಕ್ಕೆ ಚಿಕಿತ್ಸೆ ಒಂದೇ ಅಲ್ಲ. ಎಸ್‌ಸಿಎನ್2ಎ ಜೀನನ್ನೇ ನೋಡಿ. ಕೆಲವು ಬದಲಾವಣೆಗಳಲ್ಲಿ ನರಕೋಶಕ್ಕೆ ಸೋಡಿಯಂ ಒಳಬಿಡುವ ಬಾಗಿಲು ಅತಿಯಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಅಂಥ ಮಕ್ಕಳಿಗೆ ಹುಟ್ಟಿದ ಮೂರು ತಿಂಗಳೊಳಗೇ ಫಿಟ್ಸ್ ಶುರುವಾಗುತ್ತದೆ, ಫೆನಿಟಾಯ್ನ್, ಕಾರ್ಬಮಜೆಪಿನ್‌ನಂಥ ಔಷಧ ಅವರಿಗೆ ನಾಟುತ್ತದೆ. ಇನ್ನು ಕೆಲವು ಬದಲಾವಣೆಗಳಲ್ಲಿ ಅದೇ ಬಾಗಿಲು ಸರಿಯಾಗಿ ತೆರೆಯುವುದೇ ಇಲ್ಲ. ಅಲ್ಲಿ ಅದೇ ಔಷಧ ಫಿಟ್ಸನ್ನು ಹೆಚ್ಚಿಸಬಹುದು. ಗ್ರೂಪ್ ಒಂದೇ, ಜೀನ್ ಒಂದೇ, ಫಲ ತದ್ವಿರುದ್ಧ.

ಆಹಾರದ ವಿಷಯವೂ ಹಾಗೆಯೇ. ಗ್ಲುಟ್1 ಕೊರತೆಯಿರುವ ಮಕ್ಕಳ ಮಿದುಳಿಗೆ ಗ್ಲೂಕೋಸ್ ಸಾಕಷ್ಟು ಒಳಹೋಗುವುದಿಲ್ಲ. ಅವರಿಗೆ ಕೀಟೋಜೆನಿಕ್ ಆಹಾರವೇ ಮುಖ್ಯ ಚಿಕಿತ್ಸೆ. ಆದರೆ ಕೊಬ್ಬನ್ನು ಕರಗಿಸಿ ಶಕ್ತಿ ಮಾಡಿಕೊಳ್ಳಲಾಗದ ಕಾಯಿಲೆಗಳಲ್ಲಿ ಮತ್ತು ಪೈರುವೇಟ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯಲ್ಲಿ ಅದೇ ಆಹಾರ ಪ್ರಾಣಕ್ಕೆ ಎರವಾಗುತ್ತದೆ. ಪಿಒಎಲ್‌ಜಿ ಜೀನಿನ ತೊಂದರೆ ಇರುವವರಿಗೆ ಫಿಟ್ಸಿಗೆಂದು ಎಲ್ಲೆಡೆ ಬಳಸುವ ವ್ಯಾಲ್‌ಪ್ರೊಯೇಟ್ ಔಷಧವೇ ಯಕೃತ್ತನ್ನು ಕೆಡಿಸಬಹುದು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್ ಹತ್ತಿಕೊಳ್ಳುವ ಅಪಾಯ ಎಲ್ಲರಿಗೂ ಇದೆ.

ಹಾಗೆಂದು ಗ್ರೂಪಿನ ಮಾತನ್ನು ಎಸೆಯಬೇಕಿಲ್ಲ. ಅದನ್ನು ಡಾಕ್ಟರ ಮುಂದಿಡುವ ಪ್ರಶ್ನೆಯಾಗಿ ಮಾಡಿಕೊಳ್ಳಿ. "ನನ್ನ ಮಗಳ ಬದಲಾವಣೆಯಿಂದ ಪ್ರೋಟೀನಿನ ಕೆಲಸ ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ? ಕೀಟೋಜೆನಿಕ್ ಆಹಾರ ಶುರುಮಾಡುವ ಮೊದಲು ಕೊಬ್ಬಿನ ಚಯಾಪಚಯದ ತೊಂದರೆ ಇಲ್ಲವೆಂದು ಯಾವ ರಕ್ತಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು?" ಹೀಗೆ ಕೇಳಿದರೆ ಡಾಕ್ಟರಿಗೂ ಉತ್ತರಿಸಲು ಹಾದಿ ಇರುತ್ತದೆ.

ಗ್ರೂಪುಗಳ ನಿಜವಾದ ಬಲ ದಿನನಿತ್ಯದ ಆರೈಕೆಯಲ್ಲಿದೆ: ಹೊಟ್ಟೆಗೆ ಹಾಕಿದ ನಳಿಕೆಯ ಸುತ್ತ ಚರ್ಮ ಕೆಂಪಾದರೆ ಏನು ಮಾಡುವುದು, ಕುತ್ತಿಗೆ ನಿಲ್ಲದ ಮಗುವನ್ನು ಸ್ನಾನಕ್ಕೆ ಹೇಗೆ ಕೂರಿಸುವುದು. ತುರ್ತು ಪತ್ರದ ಮಾದರಿಯನ್ನೂ ಅಲ್ಲೇ ಕೇಳಿ. ಕಾಯಿಲೆಯ ಹೆಸರು, ಕೊಡಲೇಬಾರದ ಔಷಧ, ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು, ತಜ್ಞರ ಫೋನ್ ನಂಬರ್, ಇಷ್ಟೂ ಒಂದೇ ಹಾಳೆಯಲ್ಲಿರಬೇಕು. ಅದಕ್ಕೆ ನಿಮ್ಮ ಡಾಕ್ಟರ ಸಹಿ ಹಾಕಿಸಿ ಚೀಲದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ರಿಪೋರ್ಟಿನಲ್ಲಿ "ಮಹತ್ವ ಖಚಿತವಿಲ್ಲದ ಬದಲಾವಣೆ" ಎಂದಿದೆ. ಆ ಜೀನಿನ ಗ್ರೂಪಿಗೆ ಸೇರಿಕೊಳ್ಳಬಹುದೇ?

ಉತ್ತರ: ಸೇರಬಹುದು, ಆದರೆ "ನಮ್ಮದು ಇನ್ನೂ ಖಚಿತವಾಗಿಲ್ಲ" ಎಂದು ಮೊದಲೇ ಹೇಳಿ. ಬದಲಾವಣೆಗಳಿಗೆ ಐದು ದರ್ಜೆ: ರೋಗಕಾರಕ, ಬಹುಶಃ ರೋಗಕಾರಕ, ಖಚಿತವಿಲ್ಲ, ಬಹುಶಃ ನಿರುಪದ್ರವಿ, ನಿರುಪದ್ರವಿ. ನಿಮ್ಮದು ನಟ್ಟನಡುವಿನದು. ಮುಂದೆ ಮರುವಿಂಗಡಣೆ ಆದಾಗ ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಯ ಕಡೆಗೇ ಜಾರುತ್ತವೆ. ಹಾಗಾದರೆ ನಿಜವಾದ ಕಾರಣ ಬೇರೆಲ್ಲೋ ಇದೆ ಎಂದಾಯಿತು. ತಂದೆತಾಯಿ ಇಬ್ಬರ ರಕ್ತವನ್ನೂ ಪರೀಕ್ಷಿಸಿದ್ದಾರೆಯೇ ಎಂದು ನೋಡಿ. ಆಗಿಲ್ಲದಿದ್ದರೆ ಮೊದಲು ಅದನ್ನು ಕೇಳಿ. ಎಷ್ಟೋ ಸಲ ಅಷ್ಟರಿಂದಲೇ ದರ್ಜೆ ಬದಲಾಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಹಳೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿ ಎಂದು ನೀವೇ ನೆನಪಿಸಬೇಕು. ಲ್ಯಾಬಿನವರು ತಾವಾಗಿ ಕರೆಯುತ್ತಾರೆ ಎಂದು ಕಾಯುತ್ತಾ ಕೂರಬೇಡಿ.

ಪ್ರಶ್ನೆ: ಗ್ರೂಪಿನಲ್ಲಿ ಎಲ್ಲರೂ ಮಗುವಿನ ಫೋಟೋ, ರಿಪೋರ್ಟ್ ಹಾಕುತ್ತಾರೆ. ನಾವು ಹಾಕಿದರೆ ತಪ್ಪೇನು?

ಉತ್ತರ: ಕಾಯಿಲೆ ಅಪರೂಪವಾದಷ್ಟೂ ಗುರುತು ಹಿಡಿಯುವುದು ಸುಲಭ. ಊರು, ವಯಸ್ಸು, ಜೀನ್ ಈ ಮೂರು ಸೇರಿದರೆ ಹೆಸರಿಲ್ಲದೆಯೂ ಮಗು ಇಂಥದ್ದೇ ಎಂದು ಗೊತ್ತಾಗಿಬಿಡುತ್ತದೆ. ಮುಚ್ಚಿದ ಗ್ರೂಪಾದರೂ ಸ್ಕ್ರೀನ್‌ಶಾಟಿಗೆ ತಡೆಯಿಲ್ಲ. ವಾಟ್ಸಾಪ್ ಗ್ರೂಪಾದರೆ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಅಲ್ಲದೆ ಆ ಸಾಲಿನಲ್ಲಿರುವುದು ಮಗುವಿನ ಗುಟ್ಟು ಮಾತ್ರವಲ್ಲ, ಅಕ್ಕ-ತಂಗಿಯರದೂ ನಿಮ್ಮದೂ ಹೌದು.

ರಿಪೋರ್ಟ್ ಹಾಕಲೇಬೇಕಿದ್ದರೆ ಫಲಿತಾಂಶದ ಸಾಲನ್ನು ಮಾತ್ರ ಕತ್ತರಿಸಿ ಹಾಕಿ, ಅಥವಾ ಟೈಪ್ ಮಾಡಿ. ಫೋನಿನ ಮಾರ್ಕರ್‌ನಿಂದ ಹೆಸರಿನ ಮೇಲೆ ಗೀಚಿದರೆ ಸಾಲದು; ಕೆಲವು ಮಾರ್ಕರ್ ಅರೆಪಾರದರ್ಶಕ, ಚಿತ್ರದ ಹೊಳಪು ಹೆಚ್ಚಿಸಿದರೆ ಅಡಿಯ ಅಕ್ಷರ ಎದ್ದು ಕಾಣುತ್ತದೆ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೂ ಕೆಳಗಿನ ಪಠ್ಯವನ್ನು ಕಾಪಿ ಮಾಡಿಕೊಳ್ಳಬಹುದು. ಬಾರ್‌ಕೋಡನ್ನೂ ಕತ್ತರಿಸಿ ತೆಗೆಯಲು ಮರೆಯಬೇಡಿ. ಡಿಎನ್‌ಎಯ ಕಚ್ಚಾ ಫೈಲನ್ನು ಯಾರು ಕೇಳಿದರೂ ಗ್ರೂಪಿನಲ್ಲಿ ಹಾಕಬೇಡಿ.

ಕೇಳುವುದನ್ನು ಹೀಗೆ ಬರೆದರೆ ಸಾಕು: "ಮಗುವಿಗೆ ಎರಡರಿಂದ ಮೂರು ವರ್ಷ. ಕೆಎಂಟಿ2ಡಿ, ರೋಗಕಾರಕ, ಡಿ ನೋವೊ. ಗಟ್ಟಿ ಆಹಾರ ನುಂಗುವುದಿಲ್ಲ, ನೀರು ಕುಡಿದರೆ ಕೆಮ್ಮು. ಇದೇ ಜೀನಿನ ಮಕ್ಕಳಿಗೆ ಎಷ್ಟನೇ ವಯಸ್ಸಿನಲ್ಲಿ ಸುಧಾರಿಸಿತು? ನುಂಗುವಿಕೆಯ ಯಾವ ಪರೀಕ್ಷೆ ಮಾಡಿಸಿದಿರಿ?" ಮಗುವಿನ ಮುಖ ತೋರಿಸಿ "ಯಾರಾದರೂ ಸಹಾಯ ಮಾಡಿ" ಎಂದರೆ ಬರುವುದು ಸಾಂತ್ವನ, ಹೀಗೆ ಕೇಳಿದರೆ ಬರುವುದು ಉತ್ತರ. ಎರಡೂ ಬೇಕು ನಿಜ, ಆದರೆ ಎರಡನೆಯದಕ್ಕೆ ಫೋಟೋ ಬೇಕಿಲ್ಲ.

ಪ್ರಶ್ನೆ: ಹಣ ಕಟ್ಟಿದರೆ ಸ್ಟೆಮ್ ಸೆಲ್ ಪ್ರಯೋಗಕ್ಕೆ ಮಗುವನ್ನು ಸೇರಿಸಿಕೊಳ್ಳುತ್ತೇವೆ ಎಂದು ಸಂದೇಶ ಬಂದಿದೆ. ಸರ್ಕಾರಿ ನೋಂದಣಿ ಸಂಖ್ಯೆಯೂ ಇದೆ.

ಉತ್ತರ: ದೂರವಿರಿ. 'ಎನ್‌ಸಿಟಿ' ಮತ್ತು ಎಂಟು ಅಂಕಿಗಳ ಆ ಸಂಖ್ಯೆ, ಪ್ರಯೋಗವು ಅಮೆರಿಕ ಸರ್ಕಾರದ ಪ್ರಯೋಗಗಳ ಪಟ್ಟಿಯಲ್ಲಿದೆ ಎಂದಷ್ಟೇ ಹೇಳುತ್ತದೆ. ಚಿಕಿತ್ಸೆ ಒಳ್ಳೆಯದೆಂದು ಸರ್ಕಾರ ಒಪ್ಪಿದೆ ಎಂದಲ್ಲ. ಸರಿಯಾದ ಪ್ರಯೋಗಗಳು ಪ್ರಯೋಗದ ಔಷಧಕ್ಕೆಂದು ಸಾಮಾನ್ಯವಾಗಿ ಮನೆಯವರಿಂದ ಹಣ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಗ್ರೂಪ್ ತೆರೆದರೆ ದಿನವೂ ಕೆಟ್ಟ ಸುದ್ದಿ. ಹೊರಬಂದರೆ ಒಂಟಿ ಎನಿಸುತ್ತದೆ.

ಉತ್ತರ: ಗ್ರೂಪಿನಲ್ಲಿ ಹೆಚ್ಚು ಬರೆಯುವವರು ಈಗಷ್ಟೇ ವಿಷಯ ಗೊತ್ತಾದವರು ಮತ್ತು ಮಗು ಆಸ್ಪತ್ರೆಯಲ್ಲಿರುವವರು. ಮಗು ಒಂದು ಹದಕ್ಕೆ ಬಂದ ಮನೆಯವರು ಮೆಲ್ಲಗೆ ಸುಮ್ಮನಾಗುತ್ತಾರೆ. ಆದ್ದರಿಂದ ಗ್ರೂಪಿನ ಗೋಡೆಯನ್ನೇ ಕಾಯಿಲೆಯ ಪೂರ್ತಿ ಚಿತ್ರ ಎಂದುಕೊಳ್ಳಬೇಡಿ. ನೋಟಿಫಿಕೇಶನ್ ಪೂರ್ತಿ ಆರಿಸಿ, ವಾರಕ್ಕೆ ಎರಡು ಸಲ, ಹಗಲು ಹೊತ್ತು ಮಾತ್ರ ನೋಡಿ. ನಿಮ್ಮ ಮಗುವಿಗಿಂತ ಐದಾರು ವರ್ಷ ದೊಡ್ಡ ಮಗುವಿರುವ ಒಂದು ಮನೆಯವರನ್ನು ಪರಿಚಯಿಸಿಕೊಡಿ ಎಂದು ಅಡ್ಮಿನ್ನನ್ನು ಕೇಳಿ. ನೂರು ಪೋಸ್ಟ್ ಓದುವುದಕ್ಕಿಂತ ಅವರೊಂದಿಗೆ ಅರ್ಧ ಗಂಟೆ ಮಾತಾಡುವುದು ಮೇಲು.

ಪ್ರಶ್ನೆ: ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮೊಬೈಲ್ ಅನುವಾದ ನಂಬಬಹುದೇ?

ಉತ್ತರ: ಕುಶಲ ವಿಚಾರಿಸಲು ಸಾಕು, ರಿಪೋರ್ಟಿಗೆ ಸಾಲದು. 'ಸೀಜರ್' ಎಂದರೆ ಫಿಟ್ಸ್. ಯಂತ್ರ ಅದನ್ನು 'ವಶಪಡಿಸಿಕೊಳ್ಳುವಿಕೆ' ಮಾಡಬಹುದು. 'ಫೇಲ್ಯೂರ್ ಟು ಥ್ರೈವ್' ಎಂದರೆ ತೂಕ ಏರುತ್ತಿಲ್ಲ ಎಂದಷ್ಟೇ, ಯಾರ ಸೋಲೂ ಅಲ್ಲ. ಎಲ್ಲಕ್ಕಿಂತ ಮೋಸಗೊಳಿಸುವ ಪದ 'ಬಿನೈನ್'. ಅನುವಾದದಲ್ಲಿ 'ಸೌಮ್ಯ' ಎಂದು ಬಂದರೆ ಮಗುವಿನ ಕಾಯಿಲೆ ಸೌಮ್ಯವಾದದ್ದು ಎಂದು ಓದಿಕೊಳ್ಳುತ್ತೀರಿ. ಅಲ್ಲಿ ಹೇಳಿರುವುದು ಆ ಬದಲಾವಣೆ ಕಾಯಿಲೆಗೆ ಕಾರಣವೇ ಅಲ್ಲ ಎಂದು. ಜೀನಿನ ಚಿಹ್ನೆ, 'ಸಿ.', 'ಪಿ.' ಇರುವ ಸಾಲನ್ನು ಅನುವಾದಕ್ಕೆ ಹಾಕಲೇಬೇಡಿ, ಇದ್ದಂತೆಯೇ ನಕಲು ಮಾಡಿ. ಒಂದು ಚುಕ್ಕೆ, ಒಂದು ಅಂಕಿ ಜಾರಿದರೂ ಅದು ಬೇರೆ ಮಗುವಿನ ಸಾಲಾಗುತ್ತದೆ.